ಬಾತುಸೋರೆ ಬೀಜದ ಪೊಟ್ಟಣ

ನೆನೆದ ಅವರೆಕಾಳು ಹಿತುಕುತ್ತ ಕೂತಿದ್ದೆ. ಈ ಕೆಲಸ ಮಾಡಿದವರಿಗೆ ಗೊತ್ತು, ಹೆಬ್ಬೆರಳು ತೋರುಬೆರಳಿನ ಮಧ್ಯೆ ಕಾಳಿಟ್ಟು ಒತ್ತಿದರೆ ಸಿಪ್ಪೆ ಕೈಯಲ್ಲುಳಿದು ಬೇಳೆ ಹಾರುತ್ತದೆ. ಹಾರಿದ್ದೆಲ್ಲ ಪಾತ್ರೆಗೇ ಬೀಳುತ್ತದೆ ಎಂದು ಹೇಳಲಾಗದು. ದಿವಾನದ ಕೆಳಗೆ ಹೋದದ್ದು ನಾಲ್ಕು ದಿನದ ಮೇಲೆ ಪೊರಕೆಗೆ ಸಿಗುತ್ತದೆ. ಎರಡೂ ಕೈಗೆ ಅವರೆಯ ಸೊಗಡು ಮೆತ್ತಿಕೊಂಡಿರುವಾಗಲೇ ಫೋನು ಬಂತು. ಕಿರುಬೆರಳಿನಲ್ಲಿ ಒತ್ತಿ ಸ್ಪೀಕರಿಗೆ ಹಾಕಿದೆ. ಉಯ್ಯಂಬಳ್ಳಿಯಿಂದ ನನ್ನ ನಾದಿನಿ ಜಯಮ್ಮ. ನಮ್ಮ ಯಜಮಾನರ ಒಬ್ಬಳೇ ತಂಗಿ.

“ಅತ್ಗೆ, ರಾತ್ರಿ ಗಣಪ ಬಂದಿದ್ದ,” ಅಂದಳು.

ಅವಳ ಮಗಳು ಪವಿತ್ರಳ ಮದುವೆ ಸಂಕ್ರಾಂತಿ ಕಳೆದು ಮಾಘದಲ್ಲಿ ಎಂದು ಗೊತ್ತಾಗಿತ್ತು. ಮದುವೆ ಮನೆಯವರ ಕನಸಿನಲ್ಲಿ ಗಣಪತಿ ಬಂದರೆ ಅದಕ್ಕಿಂತ ಒಳ್ಳೆಯದೇನಿದೆ ಎಂದುಕೊಂಡು, “ಒಳ್ಳೇದಾಯ್ತು ಬುಡು, ಒಂದ್ ಕಾಯಿ ಒಡಿಸು,” ಅಂದೆ.

“ಏನ್ ಒಳ್ಳೇದಾಯ್ತು? ಕಾಯಿ ಒಡ್ಸೋದಿರ್ಲಿ, ಗೋಡೆನೇ ಒಡ್ದವ್ನೆ. ಕೊಟ್ಗೆ ಪಕ್ಕದ್ ಕೋಣೆ ಕಿಟ್ಕಿಗೆ ಸೊಂಡ್ಲಾಕಿ ಎಳ್ದವ್ನೆ. ಹೊಸ ರಾಗಿ ಎರಡ್ ಮೂಟೆ ಹೋಯ್ತು. ಮದ್ವೆಗೆ ಮೊದ್ಲು ಗಣಪತಿ ಪೂಜೆ ಅಂತ ಐನೋರು ಹೇಳಿದ್ರು ದಿಟ, ಹಿಂಗ್ ಅವ್ನೇ ಬಂದು ಉಂಡ್ಕಂಡ್ ಹೋಗ್ತಾನೆ ಅಂತ ಹೇಳ್ನಿಲ್ಲ.”

ಅವರ ಊರು ಕಾಡಿನ ಅಂಚು. ರಾಗಿ ಕುಯ್ಲಾಗಿ ಮೆದೆ ಬಿದ್ದರೆ ಆನೆಗೆ ಹೇಳಿಕಳಿಸಿದಂತೆ. ಆದರೂ ಆ ಕಡೆಯವರು ಆನೆಯನ್ನು ಹೆಸರು ಹಿಡಿದು ಬಯ್ಯುವುದಿಲ್ಲ. ಗಣಪ ಬಂದ, ಗಣಪ ಹೋದ ಅನ್ನುತ್ತಾರೆ. ದೇವರನ್ನು ಬಯ್ಯಲಾಗದು, ಆನೆಯನ್ನು ಬಿಡಲಾಗದು, ಅದರ ಮಧ್ಯೆ ಅವರ ಬದುಕು. ಯಾರಿಗಾದರೂ ಏನಾದರೂ ಆಯಿತಾ ಎಂದು ಕೇಳಿದೆ. ಎಲ್ಲರೂ ಮುಂದಿನ ಮನೆಯಲ್ಲಿ ಮಲಗಿದ್ದರಂತೆ, ಹಸುವಿಗೂ ಗೀರು ಬಿದ್ದಿಲ್ಲವಂತೆ. ಕಬ್ಬಾಳಮ್ಮ ಕಾಪಾಡಿದಳು ಎಂದು ಅವರೆ ಕೈಯಲ್ಲೇ ಕೈಮುಗಿದೆ.

ಜಯಮ್ಮನ ದನಿ ಬೇರೆಯಾಯಿತು.

“ರಾಗಿ ಹೋದ್ರೆ ಹೋಯ್ತು ಅತ್ಗೆ. ಅವ್ವನ ಬಾತುಸೋರೆ ಬುರುಡೆ ಅಲ್ಲೇ ಜಂತೆಗೆ ನೇತಾಕಿದ್ದೆ. ತುಳ್ದು ಪುಡಿ ಮಾಡ್ಬುಟ್ಟವ್ನೆ. ಬೆಳಗ್ಗಿಂದ ಜರಡಿ ಹಿಡಿತಾವ್ನಿ, ಒಂದ್ ಬೀಜ ಸಿಗ್ನಿಲ್ಲ. ಪವಿ ಮಡ್ಲಿಗೆ ಏನ್ ಹಾಕ್ಲಿ? ಅವ್ವ ನಿಮ್ಗೂ ಅರ್ಧ ಕೊಟ್ಟಿದ್ಲಲ್ಲ. ಐತಾ?”

ನನ್ನ ಕೈಯಲ್ಲಿದ್ದ ಕಾಳು ಹಾರಿ ಎಲ್ಲಿಗೋ ಹೋಯಿತು.

ಬಾತುಸೋರೆ ಎಂದರೆ ಅಂಗಡಿಯಲ್ಲಿ ಸಿಗುವ ನೆಟ್ಟನೆಯ ಸೋರೆಯಲ್ಲ. ಹೊಟ್ಟೆ ಗುಂಡಗೆ, ಕತ್ತು ಉದ್ದಕ್ಕೆ ಬಾಗಿ, ನೆಲದ ಮೇಲಿಟ್ಟರೆ ಬಾತುಕೋಳಿ ನೀರ ಮೇಲೆ ಕೂತಹಾಗೆ ಕಾಣುತ್ತದೆ. ಕ್ರೇಟಿನಲ್ಲಿ ಜೋಡಿಸಲು ಬರುವುದಿಲ್ಲ, ಕತ್ತು ಮುರಿಯುತ್ತದೆ. ಹಾಗಾಗಿ ಮಾರುವವರು ಯಾರೂ ಬೆಳೆಯುವುದಿಲ್ಲ. ನಮ್ಮ ಅತ್ತೆ ಒಬ್ಬರೇ ವರ್ಷ ತಪ್ಪಿಸದೆ ಬೆಳೆದು, ಬಲಿತ ಕಾಯನ್ನು ಒಣಗಿಸಿ, ಬೀಜವನ್ನು ಅದರ ಹೊಟ್ಟೆಯಲ್ಲೇ ಬಿಟ್ಟು, ಬಾಯಿಗೆ ಬಟ್ಟೆ ತುರುಕಿ ಒಲೆಯ ಹೊಗೆ ತಾಗುವಲ್ಲಿ ಕಟ್ಟುತ್ತಿದ್ದರು. ಹೆಣ್ಣುಮಗಳನ್ನು ಗಂಡನ ಮನೆಗೆ ಕಳಿಸುವಾಗ ಮಡಿಲಕ್ಕಿಯ ಜೊತೆ ಆ ಬೀಜ ಒಂದು ಚಿಟಿಕೆ ಹಾಕುವುದು ಅವರ ತಾಯಿ ಮನೆಯಿಂದ ಬಂದ ಪದ್ಧತಿ. ಸತ್ತ ಬೀಜ ಮಡಿಲಿಗೆ ಬೀಳಬಾರದು ಎಂಬುದೂ ಅದರ ಜೊತೆಗೇ ಬಂದ ಮಾತು.

ಅತ್ತೆ ತೀರಿಕೊಳ್ಳುವ ಮೊದಲು ಬೀಜವನ್ನು ಎರಡು ಪಾಲು ಮಾಡಿ ಮಗಳಿಗೊಂದು, ಸೊಸೆಗೊಂದು ಕೊಟ್ಟರು. ಊರಿನ ಮನೆಯಲ್ಲಿ ಆಗಲೇ ಹಿತ್ತಲು ಹೋಗಿತ್ತು. ಕಾರು ನಿಲ್ಲಿಸಲು ನಮ್ಮ ಭಾವನವರು ಸಿಮೆಂಟು ಹಾಕಿಸಿದ್ದರು. “ಬೀಜಾನೂ ಹೆಪ್ಪೂ ಎರಡ್ ಮನೇಲಿರ್ಬೇಕು ಮಗ,” ಅಂದಿದ್ದರು ಅತ್ತೆ. “ಒಂದ್ ಮನೇಲ್ ಕೆಟ್ರೆ ಇನ್ನೊಂದ್ ಮನೇಗ್ ಹೋಗಿ ಈಸ್ಕಂಬರ್ಬೋದು.” ಜಯಮ್ಮ ತನ್ನ ಪಾಲನ್ನು ವರ್ಷ ವರ್ಷ ಬಿತ್ತಿ ಹೊಸದು ಮಾಡಿಕೊಂಡಳು. ನಾನು ನನ್ನ ಪಾಲನ್ನು ಜೋಪಾನವಾಗಿ ಎತ್ತಿಟ್ಟೆ. ಜೋಪಾನ ಮಾಡುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಎಲ್ಲಿ ಎಂದು ಕೇಳಬಾರದು ಅಷ್ಟೆ.

“ಐತೆ ಕಣವ್ವ, ಎಲ್ಲೋಯ್ತದೆ,” ಅಂದೆ ಜಯಮ್ಮನಿಗೆ.

“ಬಿತ್ತಿಲ್ವಾ?”

“ಇನ್ನೂ ಇಲ್ಲ.”

“ಗೊತ್ತಿತ್ತು ಬುಡಿ,” ಅಂದಳು. ಅದರಲ್ಲಿ ಕುಟುಕೂ ಇತ್ತು, ಜೀವ ಬಂದ ಹಾಗೂ ಇತ್ತು.

ಇಲ್ಲಿ ನಿಮಗೆ ನನ್ನ ಡಬ್ಬದ ವಿಷಯ ಹೇಳಬೇಕು. ನಿಮ್ಮ ಮನೆಯಲ್ಲೂ ಅಂಥದ್ದೊಂದು ಇದ್ದರೆ ನಾವು ನಾವು ನೆಂಟರು. ಬಿಸ್ಕತ್ತು ಬಂದಿದ್ದ ದೊಡ್ಡ ತಗಡಿನ ಡಬ್ಬ. ಅದರ ತುಂಬ ಬೀಜದ ಪಾಕೀಟುಗಳು. ಕೃಷಿಮೇಳಕ್ಕೆ ಹೋದಾಗ ತಂದದ್ದು, ಫೋನಿನಲ್ಲಿ ಚಿತ್ರ ನೋಡಿ ತರಿಸಿದ್ದು, ದೇವಸ್ಥಾನದ ಮುಂದೆ ಗಾಡಿಯವನು ‘ಇದು ಬೇರೆ ಕಡೆ ಸಿಗಲ್ಲಕ್ಕ’ ಎಂದದ್ದಕ್ಕೆ ಮರುಳಾಗಿ ಕೊಂಡದ್ದು. ಬೀನ್ಸು, ಕ್ಯಾರೆಟ್ಟಿನಂಥ ಸಾಮಾನ್ಯರಿಗೆ ಆ ಡಬ್ಬದಲ್ಲಿ ಪ್ರವೇಶವಿಲ್ಲ. ಕೆಂಪು ಬೆಂಡೆ, ಕಪ್ಪು ಟೊಮೆಟೊ, ಮಾರುದ್ದದ ಅಲಸಂದೆ, ನಾಲ್ಕು ರೆಕ್ಕೆಯ ಅವರೆ, ನಿಂಬೆಹಣ್ಣಿನಷ್ಟೇ ಇರುವ ಸೌತೆ, ನೇರಳೆ ಹೂಕೋಸು. ಬಿಳಿ ಬದನೆ ಒಂದಿದೆ, ನೋಡಲು ಥೇಟು ಕೋಳಿಮೊಟ್ಟೆ. ಶ್ರಾವಣ ಶನಿವಾರ ಅಂಥದ್ದನ್ನು ಹೆಚ್ಚಲು ಕೂತರೆ ಬಾಗಿಲಿಗೆ ಬಂದವರು ಏನೆಂದುಕೊಂಡಾರು ಎಂದು ಅದನ್ನು ಮುಂದೂಡುತ್ತ ಬಂದಿದ್ದೇನೆ.

ಪಾಕೀಟು ಕೊಳ್ಳುವಾಗಿನ ಸುಖ ಬೆಳೆಯುವುದರಲ್ಲಿ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಬಸ್ಸಿನಲ್ಲಿ ಮನೆಗೆ ಬರುವಷ್ಟರಲ್ಲಿ ಅದು ಬೆಳೆದು, ಕಾಯಿ ಬಿಟ್ಟು, ನಾನು ಪಲ್ಯ ಮಾಡಿ, ಅಕ್ಕಪಕ್ಕಕ್ಕೆ ಹಂಚಿ, ‘ಅಯ್ಯೋ ಗಿಡದ ತುಂಬ ಬಿಟ್ಟಿದೆ, ತಗೊಳ್ಳಿ’ ಎಂದು ಹೇಳಿಯೂ ಆಗಿರುತ್ತದೆ. ಇಷ್ಟೆಲ್ಲ ಆದ ಮೇಲೆ ಮತ್ತೆ ಮಣ್ಣು ಮುಟ್ಟುವುದಕ್ಕೆ ಏನು ಉಳಿದಿರುತ್ತದೆ?

ಯಜಮಾನರದು ಬಿಡದಿಯಲ್ಲಿ ಕಾರ್ಖಾನೆ ಕೆಲಸ. ಪಾಳಿ ಮುಗಿಸಿ ಬಂದವರಿಗೆ ಒಮ್ಮೆ ಕೆಂಪು ಬೆಂಡೆಯ ಪಾಕೀಟು ತೋರಿಸಿದೆ. ಹಿಂದೆ ಮುಂದೆ ತಿರುಗಿಸಿ ಓದಿದರು.

“ಬೇಯ್ಸುದ್ರೆ ಹಸುರಾಯ್ತದೆ ಅಂತ ಬರ್ದವ್ರಲ್ಲೇ.”

“ಹ್ಞೂಂ, ಆದ್ರೇನೀಗ?”

“ಹಂಗಿದ್ಮೇಲೆ ಹಸುರು ಬೆಂಡೆನೇ ಬೇಯ್ಸಬೋದಲ್ಲ, ಅಂತ.”

ಗಂಡಸರಿಗೆ ಇಂಥದ್ದು ತಿಳಿಯುವುದಿಲ್ಲ, ಬಿಡಿ.

ಬಿತ್ತದೇ ಇರುವುದಕ್ಕೆ ಸೋಮಾರಿತನ ಒಂದೇ ಕಾರಣವೆಂದು ನಾನು ಒಪ್ಪುವುದಿಲ್ಲ. ಹೊಸ ಬೀಜ ಮಣ್ಣಿಗೆ ಬೀಳುವುದು ಒಳ್ಳೆಯ ದಿನ ನೋಡಿ ಆಗಬೇಕು. ಆಷಾಢ ಬೇಡ, ಪಿತೃಪಕ್ಷ ಬೇಡ, ಮಂಗಳವಾರ ಬೇಡ, ಅಮಾವಾಸ್ಯೆಯ ಹಿಂದಿನ ದಿನ ಮುಂದಿನ ದಿನ ಬೇಡ, ಧನುರ್ಮಾಸದಲ್ಲಂತೂ ದೇವರಿಗೆ ಹುಗ್ಗಿ ಬಿಟ್ಟು ಬೇರೆ ಶುಭಕಾರ್ಯವೇ ಇಲ್ಲ. ಉಳಿದ ಒಳ್ಳೆಯ ದಿನಗಳಲ್ಲಿ ಹಬ್ಬ. ಹಬ್ಬದ ದಿನ ಕಡುಬು ಬೇಯಿಸುವವಳಿಗೆ ಕುಂಡಕ್ಕೆ ಮಣ್ಣು ತುಂಬಲು ಕೈ ಎಲ್ಲಿ ಬಿಡುವಾಗುತ್ತದೆ. ಕೆಟ್ಟ ದಿನ ಬಿತ್ತಬಾರದು, ಒಳ್ಳೆಯ ದಿನ ಪುರಸೊತ್ತಿಲ್ಲ. ಹೀಗೆ ನನ್ನ ತೋಟ ಪಂಚಾಂಗದ ಎರಡು ಹಾಳೆಗಳ ನಡುವೆ ಸಿಕ್ಕಿಕೊಂಡಿದೆ.

ಹಾಗೆಂದು ಅವನ್ನು ನಾನು ಅನಾದರ ಮಾಡಿದವಳಲ್ಲ. ಆಯುಧಪೂಜೆಯ ದಿನ ಮಿಕ್ಸಿ, ಸ್ಕೂಟರು, ಈಳಿಗೆಮಣೆಯ ಸಾಲಿನಲ್ಲಿ ಡಬ್ಬವನ್ನೂ ಇಟ್ಟು ಕುಂಕುಮ ಹಚ್ಚುತ್ತೇನೆ. “ಊರೋರೆಲ್ಲ ದುಡಿಯೋ ಸಾಮಾನಿಗೆ ಪೂಜೆ ಮಾಡ್ತರೆ, ನೀನು ಮನಿಕ್ಕಂಡಿರೋವ್ಕೆ ಮಾಡ್ತೀಯ,” ಅನ್ನುತ್ತಾರೆ ಯಜಮಾನರು. ಮಲಗಿದವರಿಗೂ ದೇವರು ಬೇಕಲ್ಲ.

ಫೋನಿಟ್ಟು, ಕೈ ತೊಳೆದು, ಆ ಡಬ್ಬವನ್ನು ಇಳಿಸಿ ನೆಲದ ಮೇಲೆ ಸುರಿದೆ. ಬಣ್ಣ ಬಣ್ಣದ ಚಿತ್ರಗಳು ನಡುಮನೆಯ ತುಂಬ ಹರಡಿದವು. ಬಾತುಸೋರೆ ಇರಲಿಲ್ಲ. ಮತ್ತೊಂದು ಸಲ ಒಂದೊಂದೇ ಎತ್ತಿ ನೋಡಿದೆ. ಇರಲಿಲ್ಲ. ಸಾಸಿವೆ ಡಬ್ಬಗಳ ಹಿಂದೆ, ಹೊಲಿಗೆ ಯಂತ್ರದ ಡ್ರಾಯರಿನಲ್ಲಿ, ಫ್ರಿಜ್ಜಿನ ಬಾಗಿಲಲ್ಲಿ, ಮಗನ ಹಳೆಯ ಕಂಪಾಸ್ ಪೆಟ್ಟಿಗೆಯಲ್ಲಿ ಹುಡುಕಿದೆ. ಸಿಕ್ಕಿದ್ದು ಬಹಳ, ಕಳೆದೇ ಹೋಯಿತೆಂದು ಅತ್ತಿದ್ದ ಕಿವಿಯೋಲೆಯ ತಿರುಪು ಕೂಡ. ಬೀಜ ಮಾತ್ರ ಇಲ್ಲ. ದೀಪಾವಳಿಗೆ ಮನೆ ಒರೆಸುವಾಗ ಕಸಕ್ಕೆ ಹೋಯಿತೇನೋ ಎಂಬ ಯೋಚನೆ ಬಂದದ್ದೇ ಪಾಕೀಟುಗಳ ನಡುವೆ ಅಲ್ಲೇ ಕೂತೆ. ಐತೆ ಎಂದು ಬಾಯಿ ತುಂಬ ಹೇಳಿಬಿಟ್ಟಿದ್ದೆನಲ್ಲ.

ಕೂತಲ್ಲೇ ನನ್ನ ಅವ್ವನ ನೆನಪಾಯಿತು. ನಾನು ಬೆಳೆದದ್ದು ಕೂಟಗಲ್ ಹತ್ತಿರದ ಹಳ್ಳಿಯಲ್ಲಿ. ಅವ್ವನಿಗೆ ಬೀಜ ಹುಡುಕುವ ಕಷ್ಟವೇ ಇರಲಿಲ್ಲ, ಅವು ಗೋಡೆಯ ಮೇಲೇ ಇರುತ್ತಿದ್ದವು. ಸೌತೆ, ಕುಂಬಳದ ಬೀಜಗಳನ್ನು ಸಗಣಿಯಲ್ಲಿ ಕಲಸಿ ಬೆರಣಿಯಂತೆ ಗೋಡೆಗೆ ತಟ್ಟುತ್ತಿದ್ದಳು. ಒಣಗಿದ ಮೇಲೆ ಅದರಲ್ಲಿ ಅವ್ವನ ಐದು ಬೆರಳು ಹಾಗೇ ಉಳಿದಿರುತ್ತಿತ್ತು. ನಾವು ಮಕ್ಕಳು ನಮ್ಮ ಕೈಯನ್ನು ಅದರ ಮೇಲಿಟ್ಟು ಯಾರು ಎಷ್ಟು ದೊಡ್ಡವರಾದೆವೆಂದು ಅಳೆಯುತ್ತಿದ್ದೆವು. ಮಳೆ ಬಿದ್ದರೆ ಒಂದು ಬೆರಣಿ ಕಿತ್ತು, ಮುರಿದು, ಹಿತ್ತಲಿಗೆ ಎಸೆದು ಕೈ ಕೊಡವಿಕೊಂಡು ಬರುತ್ತಿದ್ದಳು. ಅವ್ವ ಪಂಚಾಂಗ ಕೇಳಿದ್ದನ್ನು ನಾನು ನೋಡಲಿಲ್ಲ. ಓದಲು ಬರುತ್ತಿರಲಿಲ್ಲ, ಅದಕ್ಕೇ ಇರಬೇಕು ಅಷ್ಟೊಂದು ಬೆಳೆಯುತ್ತಿದ್ದಳು.

ಸೋರೆಯ ಮಾತು ಬಂತಲ್ಲ, ನಾನು ಈಜು ಕಲಿತದ್ದೂ ಸೋರೆ ಬುರುಡೆಯಿಂದಲೇ. ಒಣಗಿದ ಬುರುಡೆಯನ್ನು ಬೆನ್ನಿಗೆ ಹಗ್ಗದಲ್ಲಿ ಕಟ್ಟಿ ತೋಟದ ಬಾವಿಗೆ ತಳ್ಳುತ್ತಿದ್ದರು. ಮೂಗಿಗೆ ನೀರು ನುಗ್ಗಿ ಉಸಿರು ಸಿಕ್ಕಿಕೊಂಡರೂ ಮುಳುಗುವಂತಿಲ್ಲ, ಬುರುಡೆ ಎತ್ತಿ ಹಿಡಿಯುತ್ತದೆ. ಒಂದು ದಿನ ನಮ್ಮಣ್ಣ ನನಗೆ ತಿಳಿಯದಂತೆ ಗಂಟು ಸಡಿಲಿಸಿಬಿಟ್ಟಿದ್ದ. ಬುರುಡೆ ಇದೆಯೆಂದುಕೊಂಡು ಬಾವಿಯ ಈ ಕಡೆಯಿಂದ ಆ ಕಡೆಗೆ ರಾಣಿಯ ಹಾಗೆ ಹೋದೆ. ಹೋಗಿ ತಿರುಗಿ ನೋಡಿದರೆ ಬುರುಡೆ ಬಾವಿಯ ನಡುವೆ ತನ್ನ ಪಾಡಿಗೆ ತೇಲುತ್ತಿದೆ. ನೋಡಿದ ಕೂಡಲೇ ಮುಳುಗಿದೆ. ಅಲ್ಲಿಯವರೆಗೆ ಈಜುತ್ತಿದ್ದವಳು ನೋಡಿದ ಮೇಲೆ ಮುಳುಗಿದ್ದೇಕೆ ಎಂದು ಇವತ್ತಿಗೂ ಯೋಚಿಸುತ್ತೇನೆ. ದೇವರ ವಿಷಯದಲ್ಲಿ ನಾನು ತಿರುಗಿ ನೋಡುವುದಿಲ್ಲ, ಅದಕ್ಕೆ ಕಾರಣ ಆ ಬಾವಿ.

ಸಂಜೆಯಾಯಿತು. ಕೈಕಾಲು ತೊಳೆದು ದೀಪ ಹಚ್ಚಲು ದೇವರ ಮುಂದೆ ಹೋದೆ. ಮಾಗಡಿ ರಂಗಪ್ಪನ ಪಟದ ಕೆಳಗೆ ಒಂದು ಸಣ್ಣ ಹಿತ್ತಾಳೆ ಡಬ್ಬವಿದೆ. ಹೋದ ಬಂದ ಗುಡಿಗಳ ಪ್ರಸಾದದ ಪೊಟ್ಟಣಗಳೆಲ್ಲ ಅದರಲ್ಲಿ. ಕುಂಕುಮ, ವಿಭೂತಿ, ಒಣಗಿದ ತುಳಸಿ, ಕಲ್ಲುಸಕ್ಕರೆ. ಪ್ರಸಾದವನ್ನು ಎಸೆಯುವಂತಿಲ್ಲ, ಅಷ್ಟನ್ನೂ ಬಳಸಿ ಮುಗಿಸಲು ಹಣೆ ಒಂದೇ ಇದೆ. ಹಾಗಾಗಿ ಬಿಚ್ಚುವುದಿಲ್ಲ. ಶನಿವಾರ ಒಂದೊಂದನ್ನೇ ಎತ್ತಿ ಕಣ್ಣಿಗೊತ್ತಿಕೊಂಡು ತಿರುಗಿ ಇಡುತ್ತೇನೆ. ಅವತ್ತು ಶನಿವಾರವಲ್ಲದಿದ್ದರೂ ಮನಸ್ಸು ಕೆಟ್ಟಿತ್ತೆಂದು ಡಬ್ಬ ತೆಗೆದು ಒಂದು ಪೊಟ್ಟಣವನ್ನು ಎಂದಿಗಿಂತ ಬಲವಾಗಿ ಕಣ್ಣಿಗೆ ಒತ್ತಿದೆ. ಕಣ್ಣಿಗೆ ಏನೋ ಚುಚ್ಚಿತು. ಪ್ರಸಾದ ಚುಚ್ಚುವುದಿಲ್ಲ.

ಬಿಚ್ಚಿ ನೋಡಿದರೆ, ಎರಡು ಕಿವಿಯ ಚಪ್ಪಟೆ ಬೀಜಗಳು.

ಆಗ ಎಲ್ಲ ನೆನಪಾಯಿತು. ಅತ್ತೆ ಬಂದಿದ್ದ ದಿನ ನಾವು ಮಾಗಡಿಗೆ ಹೋಗಿ ಬಂದಿದ್ದೆವು. ಅವರು ಸೆರಗಿನ ಗಂಟು ಬಿಚ್ಚಿ ಬೀಜ ಕೊಟ್ಟಾಗ ಕೈಗೆ ಸಿಕ್ಕ ಕಾಗದ ಅದೊಂದೇ, ಆಗತಾನೆ ಕಲ್ಲುಸಕ್ಕರೆ ತಿಂದು ಖಾಲಿ ಮಾಡಿದ ಪ್ರಸಾದದ ಕಾಗದ. ಅದರಲ್ಲೇ ಸುತ್ತಿ, ಒಳ್ಳೆಯ ದಿನ ಬರಲಿ ಎಂದು ದೇವರ ಹತ್ತಿರ ಇಟ್ಟಿದ್ದೆ. ಇಟ್ಟು ಮರೆತು, ಪ್ರಸಾದವೆಂದೇ ತಿಳಿದು ಇಷ್ಟು ವರ್ಷ ಕಣ್ಣಿಗೊತ್ತಿಕೊಂಡಿದ್ದೇನೆ.

ಯಜಮಾನರಿಗೆ ಹೇಳಿದರೆ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ನಕ್ಕರು. “ಇಷ್ಟ್ ವರ್ಸ ಸೋರೆಕಾಯಿಗೆ ಕೈಮುಗ್ದಿದ್ದೀಯ.”

“ನಿಮ್ಮವ್ವನ ಸೋರೆಕಾಯಿ,” ಅಂದೆ. ನಗು ನಿಂತಿತು. ಪೊಟ್ಟಣವನ್ನು ನನ್ನ ಕೈಯಿಂದ ತೆಗೆದುಕೊಂಡು, ಒಂದು ಬೀಜವನ್ನು ಅಂಗೈಯಲ್ಲಿಟ್ಟು ನೋಡಿ, ಕಾಗದವನ್ನು ಮೊದಲಿದ್ದಂತೆಯೇ ಮಡಿಸಿ ತಿರುಗಿ ಕೊಟ್ಟರು.

ಬೀಜ ಸಿಕ್ಕಿತೆಂದು ಫೋನು ಮಾಡಿದಾಗ ಜಯಮ್ಮ ಅತ್ತಳು. ಅಷ್ಟು ಗಟ್ಟಿ ಹೆಂಗಸು, ಆನೆ ಬಂದು ಹೋದದ್ದನ್ನು ನಗುತ್ತಾ ಹೇಳಿದವಳು.

“ನಿಮ್ಗೆ ಗೊತ್ತಿಲ್ಲ ಅತ್ಗೆ. ನಾನು ಈ ಮನೇಗ್ ಬಂದಾಗ ಒಂದ್ ಲೋಟ ಎತ್ತಿಡ್ಬೇಕಾದ್ರೂ ಕೇಳ್ಬೇಕಾಗಿತ್ತು. ಮಡ್ಲಲ್ಲಿದ್ದ ಬೀಜ ಬಚ್ಚಲ್ ನೀರ್ ಹೋಗೋ ತಾವು ಊರ್ದೆ. ಆ ಬಳ್ಳಿ ಒಂದೇ ನಂದು ಅಂತ ಇದ್ದಿದ್ದು. ಕಾಯಿ ಬುಟ್ಟಾಗ ಕಿತ್ತು ನಮ್ಮತ್ತೆ ಮುಂದೆ ಇಟ್ಟು ‘ತಕಳಿ’ ಅಂದೆ. ಕೊಡಾಕೆ ನನ್ ಕೈಲೂ ಒಂದ್ ಐತೆ ಅನ್ನುಸ್ತು. ನನ್ ಮಗೀಗೂ ಅದ್ ಬೇಕು.”

ಆಮೇಲೆ ಕೇಳಿದಳು, “ಜೀವ ಐತಾ ಅದ್ರಲ್ಲಿ?”

ಅದೇ ಕಷ್ಟವಾದದ್ದು. ಬೀಜ ನೋಡಿದರೆ ಜೀವ ಕಾಣುವುದಿಲ್ಲ. ತಿಳಿಯಬೇಕಾದರೆ ನೆನೆಸಬೇಕು, ನೆನೆಸಿದರೆ ಅದು ಮತ್ತೆ ಬೀಜವಾಗಿ ಉಳಿಯುವುದಿಲ್ಲ. ಇರುವುದೇ ಹಿಡಿಗೂ ಕಡಿಮೆ. ಎಲ್ಲ ನೆನೆಸಿ ಕೊಳೆತರೆ ಅತ್ತೆಯ ಸೋರೆ ಅಲ್ಲಿಗೆ ಮುಗಿಯಿತು. ನೆನೆಸದೆ ಮಡಿಲಿಗೆ ಹಾಕಿ, ಅದರಲ್ಲಿ ಜೀವ ಇಲ್ಲದಿದ್ದರೆ ಆ ಮಗು ಹೊಸ ಮನೆಯಲ್ಲಿ ದಿನಾ ಮಣ್ಣು ನೋಡಿಕೊಂಡು ಕಾಯುತ್ತಾಳೆ.

“ಅವ್ವ ಹೇಳ್ದಂಗೇ ಮಾಡಿ,” ಅಂದಳು ಜಯಮ್ಮ ಕೊನೆಗೆ. “ಅರ್ಧ ನೆನ್ಸಿ, ಅರ್ಧ ಇಡಿ.”

ಅರ್ಧವನ್ನು ಕಾಗದದಲ್ಲೇ ಬಿಟ್ಟು ಅರ್ಧವನ್ನು ನೆನೆಹಾಕಿ, ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿದೆ. ಆದರೆ ಚಳಿ. ಧನುರ್ಮಾಸದ ಬೆಳಗ್ಗೆ ನಲ್ಲಿ ನೀರು ಮುಟ್ಟಿದರೆ ಬೆರಳು ಸೆಟೆಯುತ್ತದೆ, ಸೋರೆ ಬೀಜ ಎಲ್ಲಿ ಕಣ್ಣು ಬಿಡುತ್ತದೆ. ಒಂದು ದಿನ ಹಿಟ್ಟಿನ ಡಬ್ಬದ ಪಕ್ಕ ಇಟ್ಟೆ, ಒಂದು ದಿನ ಫ್ರಿಜ್ಜಿನ ಹಿಂದೆ. ಗಂಟು ತಣ್ಣಗೆ ಹಾಗೇ ಇತ್ತು. ಅದನ್ನು ಸೆರಗಿನಲ್ಲಿಟ್ಟುಕೊಂಡು ಓಡಾಡುವುದನ್ನು ಕಾಂಪೌಂಡಿನ ಆ ಕಡೆಯಿಂದ ಶಾಹಿದಾ ನೋಡಿದಳು.

ಶಾಹಿದಾ ಮನೆಯವರು ರೇಷ್ಮೆ ನೂಲು ತೆಗೆಯುವವರು. ಮನೆಯ ಹಿಂದೆಯೇ ನೂಲು ಬಿಚ್ಚುವ ಫಿಲೇಚರ್. ಬೆಳಗಿನಿಂದ ಹುಳುವಿನ ಸಮೇತ ರೇಷ್ಮೆಗೂಡು ಬೇಯುತ್ತಿರುತ್ತದೆ. ನಾನು ಈ ಬೀದಿಗೆ ಬಂದ ಹೊಸದರಲ್ಲಿ ಆ ವಾಸನೆಗೆ ಕಿಟಕಿ ಹಾಕುತ್ತಿದ್ದೆ. ಈಗ ಅದು ಬರದ ದಿನ ಇವರ ಮನೆಯಲ್ಲಿ ಯಾರಿಗೆ ಹುಷಾರಿಲ್ಲವೋ ಎಂದು ಹೋಗಿ ಕೇಳುತ್ತೇನೆ.

“ಅದೇನಕ್ಕಾ, ಕೂಸು ಎತ್ಕೊಂಡಂಗೆ ಎತ್ಕೊಂಡಿದ್ದೀಯ?”

ಹೇಳಿದೆ. ಆನೆಯಿಂದ ಹಿಡಿದು ಕಣ್ಣಿಗೆ ಚುಚ್ಚಿದ್ದರವರೆಗೆ ಎಲ್ಲ.

“ಕೊಡಿಲ್ಲಿ,” ಎಂದು ಗೋಡೆಯ ಮೇಲಿಂದ ಕೈ ಚಾಚಿದಳು. “ನಮ್ ಒಲೆ ಹಿಂದೆ ಗೋಡೆ ರಾತ್ರಿನೂ ಬೆಚ್ಗೇ ಇರ್ತದೆ. ನಮ್ ಬೆಕ್ಕು ಮರಿ ಹಾಕೋದು ಅಲ್ಲೇ.”

ರಂಗಪ್ಪನ ಪ್ರಸಾದದ ಕಾಗದದಲ್ಲಿದ್ದ ಬೀಜವನ್ನು ಗೂಡು ಬೇಯುವಲ್ಲಿ ಇಡುವುದೇ ಎಂದು ಒಂದು ಗಳಿಗೆ ಕೈ ಹಿಂದೆ ಬಂತು, ಸುಳ್ಳೇಕೆ ಹೇಳಲಿ. ಆದರೆ ನಾನು ಮಡಿಗೆ ಉಡುವ ಸೀರೆ ಹುಟ್ಟುವುದೂ ಅಂಥದ್ದೇ ಒಲೆಯಲ್ಲಿ. ಉಡುವಾಗ ಇಲ್ಲದ ಶಂಕೆ ಈಗೇಕೆ. ಕೊಟ್ಟೆ.

ಕೊಟ್ಟ ಮೇಲೆ ದಿನಾ ಹೋಗಿ ನೋಡುವುದೇ ಒಂದು ಕೆಲಸವಾಯಿತು. ಶಾಹಿದಾ ಕೈ ತೊಳೆದು ಬಟ್ಟೆಗೆ ನೀರು ಚಿಮುಕಿಸಿ ತೋರಿಸುತ್ತಿದ್ದಳು. ಮೊದಲು ಬೀಜ ಊದಿದವು, ಹಾರೈಸಿದೆವು. ಆಮೇಲೆ ಒಂದೊಂದಾಗಿ ಲೋಳೆಯಾದವು. ಲೋಳೆಯಾದದ್ದನ್ನು ಅವಳು ನನಗೆ ತೋರಿಸದೆ ಎಸೆಯುತ್ತಿದ್ದಳು, ಗಂಟು ಸಣ್ಣದಾಗುವುದು ನನಗೆ ಕಾಣುತ್ತಿತ್ತು. “ನಮ್ ಹುಳ ಆಗಿದ್ರೆ ಇಷ್ಟೊತ್ಗೆ ಗೂಡು ಕಟ್ಟಿರೋದು,” ಎಂದು ಅವಳೇ ಒಮ್ಮೆ ಬೇಸರದಲ್ಲಿ ಅಂದಳು. ರಾತ್ರಿ ಜಯಮ್ಮ ಫೋನು ಮಾಡಿದರೆ ಎತ್ತಲು ಯಜಮಾನರನ್ನು ಕಳಿಸುತ್ತಿದ್ದೆ. ಅವರು, “ಇನ್ನೂ ಏಳ್ನಿಲ್ಲ ಕಣವ್ವ, ಅವ್ವನ ಮನೆ ಕಡೆದಲ್ವಾ, ನಿಧಾನ,” ಅನ್ನುತ್ತಿದ್ದರು.

ಒಂದು ಮಧ್ಯಾಹ್ನ ಪಾತ್ರೆ ತಿಕ್ಕುತ್ತಿದ್ದಾಗ ಗೋಡೆಯ ಆ ಕಡೆಯಿಂದ ಶಾಹಿದಾ ಕೂಗಿದಳು.

“ಅಕ್ಕಾ, ಬಾ ಇಲ್ಲಿ. ಒಂದಕ್ಕೆ ಬಾಲ ಬಂದೈತೆ.”

ಸೋಪಿನ ಕೈಯಲ್ಲೇ ಓಡಿದೆ. ಬಟ್ಟೆಯ ನಡುವೆ ಉಳಿದಿದ್ದ ಕೆಲವೇ ಬೀಜಗಳಲ್ಲಿ ಒಂದರ ತುದಿ ಬಿರಿದು ಅಕ್ಕಿಕಾಳಿನಷ್ಟು ಬಿಳಿಯ ಬಾಲ ಹೊರಗೆ ಬಂದಿತ್ತು. ಇಬ್ಬರೂ ತಲೆಗೆ ತಲೆ ತಾಗಿಸಿ ಅದನ್ನು ನೋಡಿದೆವು. ಒಂದೇ ಒಂದು. ಒಂದಾದರೂ ಬಂತಲ್ಲ ಎಂದು ಕಣ್ಣು ತುಂಬಿತು.

ಮನೆಗೆ ತಂದು ಕ್ಯಾಲೆಂಡರ್ ನೋಡಿದೆ. ಧನುರ್ಮಾಸವಂತೂ ಸರಿಯೇ. ಮಂಗಳವಾರ. ಅಮಾವಾಸ್ಯೆ. ಸಾಲದ್ದಕ್ಕೆ ಗಡಿಯಾರ ನೋಡಿದರೆ ರಾಹುಕಾಲ. ನಾನು ಜೀವಮಾನದಲ್ಲಿ ತಪ್ಪಿಸಿಕೊಂಡು ಬಂದದ್ದೆಲ್ಲ ಒಟ್ಟಿಗೆ ಬಂದು ಬಾಗಿಲಲ್ಲಿ ನಿಂತಿತ್ತು. ಕೈಯಲ್ಲಿ ಈ ಬಾಲ. ನಾಳೆಯವರೆಗೆ ಬಟ್ಟೆಯಲ್ಲೇ ಬಿಟ್ಟರೆ ಉದ್ದವಾಗಿ ನೂಲಿಗೆ ಸಿಕ್ಕಿ ಮುರಿಯುತ್ತದೆ. ದೇವರ ಮುಂದೆ ನಿಂತು ಕೇಳಿದೆ. ರಂಗಪ್ಪ ಏನೂ ಹೇಳಲಿಲ್ಲ, ಆದರೆ ಅಮಾವಾಸ್ಯೆಯ ದಿನ ಅದನ್ನು ಎಬ್ಬಿಸಿದವನು ಅವನೇ ತಾನೆ. ಅವನು ಎಬ್ಬಿಸಿದ್ದನ್ನು ಮಲಗಿಸಲು ನಾನು ಯಾರು? ದೊಡ್ಡ ತೆಂಗಿನ ಚಿಪ್ಪಿನ ಕಣ್ಣು ತೂತು ಮಾಡಿ, ಮಣ್ಣು ತುಂಬಿ, ಬೆರಳಲ್ಲಿ ಒಂದು ಕುಳಿ ಮಾಡಿ ಇಟ್ಟು ಮುಚ್ಚಿದೆ. ಇಷ್ಟು ವರ್ಷದಲ್ಲಿ ನಾನು ಬಿತ್ತಿದ ಮೊದಲ ಬೀಜ ಅದು. ಆದದ್ದು ಎಷ್ಟು ಹೊತ್ತು ಎನ್ನುತ್ತೀರಿ, ಒಲೆ ಮೇಲಿನ ಹಾಲು ಉಕ್ಕುವಷ್ಟು.

ಹಗಲು ಬಿಸಿಲು ಬಂದಲ್ಲಿಗೆಲ್ಲ ಆ ಚಿಪ್ಪನ್ನು ಹೊತ್ತುಕೊಂಡು ಹೋದೆ. ಸಂಜೆ ಅದು ಶಾಹಿದಾ ಮನೆಯ ಬೆಚ್ಚನೆಯ ಗೋಡೆಗೆ ಹೋಗುತ್ತಿತ್ತು. ಮದುವೆಯ ಹೊತ್ತಿಗೆ ಬೀಜದೆಲೆ ಎರಡು, ನಿಜವಾದ ಎಲೆ ಎರಡು, ಬೆಕ್ಕಿನ ಕಿವಿಯಂತೆ ಮೆತ್ತಗೆ ನಿಂತಿತ್ತು.

ಮದುವೆ ಕನಕಪುರದ ಛತ್ರದಲ್ಲಿ. ಬಸ್ಸಿನಲ್ಲಿ ಚಿಪ್ಪನ್ನು ತೊಡೆಯ ಮೇಲಿಟ್ಟುಕೊಂಡೇ ಹೋದೆ. ಮಡಿಲು ತುಂಬುವ ಹೊತ್ತಿಗೆ ಪವಿತ್ರ ಸೆರಗು ಚಾಚಿ ನಿಂತಳು. ಅಕ್ಕಿ, ಬೆಲ್ಲ, ಕೊಬ್ಬರಿ, ಎಲೆ ಅಡಿಕೆ, ಬಳೆ ಎಲ್ಲ ಬಿದ್ದವು. ಕೊನೆಗೆ ಜಯಮ್ಮ ಚಿಪ್ಪನ್ನು ಎರಡೂ ಕೈಯಲ್ಲಿ ಎತ್ತಿ ಅಕ್ಕಿಯ ನಡುವೆ ಕೂರಿಸಿದಳು.

“ಮಡ್ಲಿಗೆ ಗಿಡ ಹಾಕ್ತರೇನವ್ವ?” ಅಂದಿತು ಗಂಡಿನ ಕಡೆಯ ಒಂದು ಮುದುಕಿ.

“ಬೀಜ ಗಣಪ ಉಂಡ ಕಣಜ್ಜಿ,” ಅಂದಳು ಜಯಮ್ಮ. “ಇದು ಜೀವ ಐತೆ ಅಂತ ತೋರುಸ್ಕಂಡೇ ಬಂದದೆ.”

ಫೋಟೋದವನು ಗಿಡವನ್ನು ಒಸಿ ಪಕ್ಕಕ್ಕಿಡಿ ಮೇಡಂ ಎಂದು ಎರಡು ಸಲ ಕೇಳಿದ. ಪವಿತ್ರ ಕೊಡಲಿಲ್ಲ. ಎಲ್ಲ ಫೋಟೋದಲ್ಲೂ ಗಂಡ ಒಂದು ಪಕ್ಕ, ಸೋರೆ ಒಂದು ಪಕ್ಕ.

ಹೊರಡುವಾಗ ಪ್ರಸಾದದ ಕಾಗದದಲ್ಲಿ ಉಳಿದಿದ್ದ ಒಣಬೀಜದ ಅರ್ಧವನ್ನು ಜಯಮ್ಮನ ಕೈಗಿಟ್ಟೆ. ಅವಳು ಅದನ್ನು ಬಿಚ್ಚಿ ನೋಡಿ, ಮಡಿಸಿ, ತಿರುಗಿ ನನ್ನ ಕೈಗೇ ಇಟ್ಟಳು.

“ಪವಿ ಬಳ್ಳಿ ಕಾಯಿ ಬುಡೋಗಂಟ ನಿಮ್ತಾವೇ ಇರ್ಲಿ ಅತ್ಗೆ. ನಂತಾವಿದ್ರೆ ಗಣಪ ಬತ್ತಾನೆ. ಅವ್ನು ಬರ್ದಿದ್ರೆ ನಾನೇ ಬಿತ್ಬುಡ್ತೀನಿ. ನೀವಾದ್ರೆ ಬಿತ್ತಾಕಿಲ್ಲ, ಅದ್ಕೇ ಇರ್ತದೆ.”

ನನ್ನ ಗುಣವನ್ನು ಹೊಗಳಿದವರು ಈ ಮನೆತನದಲ್ಲಿ ಅವಳೊಬ್ಬಳೇ. ಕಣ್ಣಿಗೊತ್ತಿಕೊಂಡು ಪರ್ಸಿಗೆ ಹಾಕಿದೆ.

ನಿನ್ನೆ ಪವಿತ್ರ ಫೋನು ಮಾಡಿದ್ದಳು. ಅವಳು ಸೇರಿದ ಮನೆ ಚನ್ನಪಟ್ಟಣದ ಕಡೆ. ಗಿಡವನ್ನು ಬಚ್ಚಲು ನೀರು ಹೋಗುವಲ್ಲಿ ನೆಟ್ಟಳಂತೆ. “ನಮ್ಮತ್ತೆ ಏನೂ ಕೇಳ್ನಿಲ್ಲ ಅತ್ತೆ,” ಅಂದಳು. “ಬೆಳಗ್ಗೆ ಎದ್ದು ನೋಡುದ್ರೆ ಕೋಳಿ ಕೆದಕ್ಬಾರ್ದು ಅಂತ ಸುತ್ತ ಮುಳ್ಳು ಕಟ್ಟವ್ರೆ.” ಹೇಳುವಾಗ ದನಿ ಸಣ್ಣಗಿತ್ತು, ಪಕ್ಕದಲ್ಲಿ ಯಾರೋ ಇದ್ದರೆಂದು ಕಾಣುತ್ತದೆ. ಬಳ್ಳಿ ಒಂದು ಮೊಳ ಆಗಿದೆಯಂತೆ.

ಫೋನಿಟ್ಟು, ದೇವರಿಗೆ ಹೇಳಿ ಬರೋಣವೆಂದು ಎದ್ದವಳಿಗೆ ಕಾಯಿಸಿಟ್ಟ ಹಾಲು ಆರಿದ್ದು ನೆನಪಾಯಿತು. ಮೊಸರಿನ ಪಾತ್ರೆ ನೋಡಿದರೆ ಮಗ ಮಧ್ಯಾಹ್ನವೇ ಬಳಿದು ಉಂಡಿದ್ದಾನೆ, ಅಂಚಿನಲ್ಲೂ ಉಳಿಸಿಲ್ಲ. ದೀಪ ಹಚ್ಚಿದ ಮೇಲೆ ಹೆಪ್ಪು ಕೇಳಬಾರದು. ಬೇಗ ಬೇಗ ಒಂದು ಬಟ್ಟಲು ತೊಳೆದುಕೊಂಡು ಶಾಹಿದಾ ಮನೆಯ ಕಡೆ ಹೊರಟೆ.